ಆರು ಪಟ್ಟು ಗಟ್ಟಿ: ಹಗ್ಗದ ಎಂಜಿನಿಯರ್ ಜಾನ್ ರೋಬ್ಲಿಂಗ್

ಹೋದ ವರ್ಷದ ಫೆಸ್ಟ್‌ಗೆ ನಾವು ಎರಡು ಬ್ಲಾಕ್‌ಗಳ ಮಧ್ಯೆ ಒಂದು ದೊಡ್ಡ ಫ್ಲೆಕ್ಸ್ ಕಟ್ಟಿದ್ವಿ. ಮರದ ಫ್ರೇಮ್ ಸೇರಿ ಸುಮಾರು 30 ಕೆಜಿ ತೂಕ. ಹಾರ್ಡ್‌ವೇರ್ ಅಂಗಡಿಯಿಂದ 10 ಎಂಎಂ ದಪ್ಪದ ಹೆಣೆದ ಪಾಲಿಯೆಸ್ಟರ್ ಹಗ್ಗ ತಂದಿದ್ವಿ. ಅಂಗಡಿಯವರು ಈ ಹಗ್ಗದಲ್ಲಿ ಕಾರನ್ನೇ ಎಳೀಬಹುದು ಅಂದಿದ್ದರು. ನಮಗೆ ಅಷ್ಟು ಸಾಕಾಯ್ತು. ಜೋತು ಬಿದ್ರೆ ಚೆನ್ನಾಗಿ ಕಾಣಲ್ಲ ಅಂತ ನಾಲ್ಕು ಜನ ಸೇರಿ ಜಗ್ಗಿ ಎಳೆದು, ಟೆರೇಸಿನ ಕಟ್ಟೆ ಅಂಚಿನ ಮೇಲೆ ಹಾಯಿಸಿ, ಬಿಗಿಯಾಗಿ ಗಂಟು ಹಾಕಿದ್ವಿ.

ರಾತ್ರಿ ಗಾಳಿ ಬೀಸಿತು. ಬೆಳಿಗ್ಗೆ ನೋಡಿದ್ರೆ ಫ್ರೇಮ್ ಕೆಳಗೆ ಬಿದ್ದಿತ್ತು. ಅದೃಷ್ಟಕ್ಕೆ ಆ ಹೊತ್ತಿನಲ್ಲಿ ಕೆಳಗೆ ಯಾರೂ ಇರಲಿಲ್ಲ. ಕ್ಯಾಂಟೀನಿಗೆ ಹೋಗೋ ದಾರಿ ಅದೇ. ನಮ್ಮ ಮೆಕ್ಯಾನಿಕ್ಸ್ ಸರ್ ಬಂದು ಹರಿದ ತುದಿ ಕೈಯಲ್ಲಿ ಹಿಡಿದು ನೋಡಿದರು. ಬೈಯಲಿಲ್ಲ. ಈ ಹಗ್ಗದ ಸೇಫ್ ವರ್ಕಿಂಗ್ ಲೋಡ್ ಎಷ್ಟು ಅಂತ ಮಾತ್ರ ಕೇಳಿದರು. ಎಷ್ಟಕ್ಕೆ ಹರಿಯುತ್ತೆ ಅನ್ನೋದೇ ನಮಗೆ ಗೊತ್ತಿರಲಿಲ್ಲ, ಇನ್ನು ಎಷ್ಟರವರೆಗೆ ನಂಬಬಹುದು ಅನ್ನೋದು ಎಲ್ಲಿಂದ ಗೊತ್ತಿರಬೇಕು?

ಆ ಪ್ರಶ್ನೆ ಹಿಡಿದು ಓದುತ್ತಾ ಹೋದಾಗ ನಮಗೆ ಸಿಕ್ಕವರು ಜಾನ್ ಅಗಸ್ಟಸ್ ರೋಬ್ಲಿಂಗ್. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಫೋಟೋ ನೋಡದವರು ನಮ್ಮಲ್ಲಿ ಯಾರೂ ಇಲ್ಲ. ಆದ್ರೆ ಅದನ್ನು ವಿನ್ಯಾಸ ಮಾಡಿದವರು ಮೊದಲು ಹಗ್ಗ ಮಾಡುವವರಾಗಿದ್ದರು ಅಂತ ನಮಗೆ ಗೊತ್ತಿರಲಿಲ್ಲ.

ಮ್ಯೂಲ್‌ಹೌಸನ್‌ನಿಂದ ಅಮೆರಿಕಕ್ಕೆ

ರೋಬ್ಲಿಂಗ್ ಹುಟ್ಟಿದ್ದು 1806ರ ಜೂನ್ 12ರಂದು, ಜರ್ಮನಿಯ ಮ್ಯೂಲ್‌ಹೌಸನ್ ಎಂಬ ಊರಿನಲ್ಲಿ. ತಂದೆಗೆ ತಂಬಾಕಿನ ಅಂಗಡಿ. ಮನೆಯಲ್ಲಿ ಈತನೇ ಕೊನೆಯ ಮಗ. ಮಗ ಅಂಗಡಿಯಲ್ಲಿ ಕೂರದೆ ಓದಿ ದೊಡ್ಡವನಾಗಬೇಕು ಅನ್ನೋ ಹಟ ತಾಯಿಯದು. ಎರ್ಫರ್ಟ್‌ನಲ್ಲಿ ಗಣಿತ ಕಲಿತು, ಬರ್ಲಿನ್ನಿಗೆ ಹೋಗಿ ಅಲ್ಲಿನ ಕಟ್ಟಡ ಶಾಸ್ತ್ರದ ಸಂಸ್ಥೆ ಬೌಅಕಾಡೆಮಿಯಲ್ಲಿ ಓದಿದರು. ಆಮೇಲೆ ಕೆಲವು ವರ್ಷ ಪ್ರಷ್ಯಾ ಸರ್ಕಾರದ ರಸ್ತೆ ಕೆಲಸದಲ್ಲಿದ್ದರು.

ತೂಗುಸೇತುವೆಯ ಹುಚ್ಚು ಅವರಿಗೆ ಆಗಲೇ ಹಿಡಿದಿತ್ತು. ಬಾಂಬರ್ಗ್ ಎಂಬ ಊರಿನಲ್ಲಿ ಸರಪಳಿಯಿಂದ ತೂಗುಹಾಕಿದ ಸೇತುವೆಯೊಂದನ್ನು ನೋಡಿದ್ದರು. ಆದ್ರೆ ಸರ್ಕಾರಿ ಕೆಲಸದಲ್ಲಿ ಒಂದು ಹೊಸ ಯೋಚನೆ ಮುಂದೆ ಹೋಗಬೇಕಾದ್ರೆ ಹತ್ತು ಮೇಜು ದಾಟಬೇಕಿತ್ತು. 1831ರಲ್ಲಿ, 24ರ ವಯಸ್ಸಿನಲ್ಲಿ, ಅಣ್ಣ ಕಾರ್ಲ್ ಜೊತೆ ಹಡಗು ಹತ್ತಿ ಅಮೆರಿಕಕ್ಕೆ ಹೊರಟೇಬಿಟ್ಟರು. ಪೆನ್ಸಿಲ್ವೇನಿಯಾದಲ್ಲಿ 1,582 ಎಕರೆ ಜಮೀನು ಕೊಂಡು, ಜರ್ಮನ್ನರದೇ ಒಂದು ಹಳ್ಳಿ ಕಟ್ಟಿದರು. ಅದೇ ಸ್ಯಾಕ್ಸನ್‌ಬರ್ಗ್.

ಇಲ್ಲಿ ತಮಾಷೆ ಏನಂದ್ರೆ, ಬರ್ಲಿನ್ನಿನಲ್ಲಿ ಓದಿದ ಎಂಜಿನಿಯರ್ ಐದಾರು ವರ್ಷ ಹೊಲ ಉತ್ತರು. ಬೇಸಾಯ ಅವರ ಕೈ ಹಿಡಿಯಲಿಲ್ಲ. 1836ರಲ್ಲಿ ಜೊಹಾನ್ನಾ ಹೆರ್ಟಿಂಗ್ ಅವರನ್ನು ಮದುವೆಯಾದರು. 1837ರಲ್ಲಿ ಅಣ್ಣ ಕಾರ್ಲ್ ತೀರಿಕೊಂಡರು. ಅದೇ ವರ್ಷ ಮೊದಲ ಮಗ ವಾಷಿಂಗ್ಟನ್ ಹುಟ್ಟಿದ. ಅದೇ ವರ್ಷ ರೋಬ್ಲಿಂಗ್ ಮತ್ತೆ ಎಂಜಿನಿಯರ್ ಕೆಲಸಕ್ಕೆ ಮರಳಿದರು. ಕಾಲುವೆ, ರೈಲುದಾರಿಗಳ ಸರ್ವೆ ಕೆಲಸ ಸಿಕ್ಕಿತು.

ಹೊಲದಲ್ಲಿ ಹೊಸೆದ ತಂತಿ

ಆ ಕಾಲದಲ್ಲಿ ಫಿಲಡೆಲ್ಫಿಯಾದಿಂದ ಪಿಟ್ಸ್‌ಬರ್ಗ್‌ಗೆ ಸರಕು ಹೋಗುತ್ತಿದ್ದದ್ದು ಹೆಚ್ಚಾಗಿ ಕಾಲುವೆಯಲ್ಲಿ. ನಡುವೆ ಅಲೆಘೆನಿ ಬೆಟ್ಟ ಅಡ್ಡ ಬರುತ್ತಿತ್ತು. ಅಲ್ಲಿ ದೋಣಿಗಳನ್ನೇ ಗಾಡಿ ಮೇಲೆ ಹೇರಿ, ಇಳಿಜಾರು ಹಳಿಗಳ ಮೇಲೆ ಎಳೆದು ಬೆಟ್ಟ ದಾಟಿಸುತ್ತಿದ್ದರು. ಇಂಥ ಹತ್ತು ಇಳಿಜಾರುಗಳು. ಪ್ರತಿಯೊಂದರ ತಲೆಯಲ್ಲೂ ಉಗಿ ಯಂತ್ರ, ಯಂತ್ರದಿಂದ ಗಾಡಿಗೆ ಹೆಂಪ್ ಅನ್ನೋ ನಾರಿನ ದಪ್ಪ ಹಗ್ಗ.

ಈ ಹಗ್ಗಗಳದೇ ದೊಡ್ಡ ತಲೆನೋವು. ದುಬಾರಿ, ಬೇಗ ಸವೆಯುತ್ತವೆ, ಮಳೆಯಲ್ಲಿ ನೆನೆದು ಒಳಗಿಂದ ಕೊಳೆಯುತ್ತವೆ. ಹೊರಗಿಂದ ನೋಡಿದ್ರೆ ಎಲ್ಲಾ ಸರಿಯಿದೆ ಅನ್ಸುತ್ತೆ. ಹರಿದ ದಿನ ಗೊತ್ತಾಗುತ್ತೆ. ಹರಿದರೆ ಗಾಡಿ, ದೋಣಿ ಎರಡೂ ಇಳಿಜಾರಿನಲ್ಲಿ ವಾಪಸ್ ಉರುಳುತ್ತವೆ.

ಜರ್ಮನಿಯ ಹಾರ್ಟ್ಸ್ ಪರ್ವತದ ಗಣಿಗಳಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಅಧಿಕಾರಿ 1834ರಲ್ಲಿ ಕಬ್ಬಿಣದ ತಂತಿ ಹೊಸೆದು ಹಗ್ಗ ಮಾಡಿದ್ದರು. ಅದುವರೆಗೆ ಅಲ್ಲಿ ಸರಪಳಿ ಬಳಸುತ್ತಿದ್ದರು. ಸರಪಳಿಯ ತೊಂದರೆ ನಮಗೆಲ್ಲ ಗೊತ್ತು: ನೂರು ಕೊಂಡಿಯಲ್ಲಿ ಒಂದೇ ಒಂದು ಮುರಿದರೂ ಮುಗೀತು. ತಂತಿ ಹಗ್ಗ ಹಾಗಲ್ಲ. ಒಂದು ತಂತಿ ತುಂಡಾದರೆ ಪಕ್ಕದವು ಅದರ ಭಾರ ಹಂಚಿಕೊಳ್ಳುತ್ತವೆ. ಅಷ್ಟೇ ಅಲ್ಲ, ಹೊಸೆದಿರೋದ್ರಿಂದ ತಂತಿಗಳು ಒಂದನ್ನೊಂದು ಒತ್ತಿ ಹಿಡಿದಿರುತ್ತವೆ. ಆ ಘರ್ಷಣೆಯಿಂದಾಗಿ ತುಂಡಾದ ತಂತಿ ಕೂಡ ಸ್ವಲ್ಪ ದೂರದಲ್ಲಿ ಮತ್ತೆ ಭಾರ ಹೊರೋಕೆ ಶುರು ಮಾಡುತ್ತೆ. ಮುಖ್ಯವಾಗಿ, ಹೊರಗಿನ ತಂತಿಗಳು ಒಂದೊಂದಾಗಿ ತುಂಡಾಗೋದು ಕಣ್ಣಿಗೆ ಕಾಣುತ್ತೆ. ಹಗ್ಗ ಸಾಯೋ ಮೊದಲು ಹೇಳಿ ಸಾಯುತ್ತೆ.

ಇದರ ಸುದ್ದಿ ಓದಿದ್ದ ರೋಬ್ಲಿಂಗ್ 1841ರಲ್ಲಿ ಸ್ಯಾಕ್ಸನ್‌ಬರ್ಗ್‌ನ ತಮ್ಮ ಮನೆ ಹಿಂದಿನ ಹೊಲದಲ್ಲೇ ತಂತಿ ಹಗ್ಗ ಹೊಸೆಯಲು ಶುರು ಮಾಡಿದರು. ಫ್ಯಾಕ್ಟರಿ ಇಲ್ಲ, ಯಂತ್ರ ಇಲ್ಲ. ಅಕ್ಕಪಕ್ಕದ ರೈತರೇ ಕೆಲಸಗಾರರು. ಉದ್ದಕ್ಕೆ ತಂತಿ ಹಾಸಿ ಕೈಯಲ್ಲೇ ತಿರುಚುವುದು. ಬೇಸಾಯಕ್ಕೆ ಅಂತ ಕೊಂಡ ಜಮೀನು ಕೊನೆಗೂ ಉಪಯೋಗಕ್ಕೆ ಬಂತು.

ಹೆಂಪ್ ಹಗ್ಗದ ವ್ಯಾಪಾರಿಗಳಿಗೆ ಇದು ಹಿಡಿಸುತ್ತಾ? ಮೊದಲ ಪರೀಕ್ಷೆಯ ಹೊತ್ತಿಗೆ ಯಾರೋ ಹಗ್ಗವನ್ನು ಕದ್ದು ಕೊಯ್ದಿಟ್ಟಿದ್ದರು, ಅದಕ್ಕೇ ಅದು ಹರಿಯಿತು ಎಂಬ ಕಥೆ ಅವರ ಜೀವನಚರಿತ್ರೆಗಳಲ್ಲೆಲ್ಲ ಬರುತ್ತದೆ. ಹೇಗೋ ಎರಡನೇ ಅವಕಾಶ ಸಿಕ್ಕಿತು, ಹಗ್ಗ ತಡೆಯಿತು. 1842ರಲ್ಲಿ ಪೇಟೆಂಟ್ ಸಿಕ್ಕಿತು. ಆ ದಶಕ ಮುಗಿಯೋ ಹೊತ್ತಿಗೆ ಹತ್ತೂ ಇಳಿಜಾರುಗಳಲ್ಲಿ ತಂತಿ ಹಗ್ಗವೇ ಓಡುತ್ತಿತ್ತು. ರೋಬ್ಲಿಂಗ್ ಕುಟುಂಬ ಸಮೇತ ನ್ಯೂಜೆರ್ಸಿಯ ಟ್ರೆಂಟನ್‌ಗೆ ಹೋಗಿ ದೊಡ್ಡ ಕಾರ್ಖಾನೆ ಹಾಕಿದರು. ಅದೇ ಕಾರ್ಖಾನೆಯ ಹಗ್ಗದ ಯಂತ್ರಕ್ಕೆ ಸಿಕ್ಕಿ ಅವರ ಎಡಗೈಗೆ ಜೋರಾಗಿ ಪೆಟ್ಟಾಯಿತು. ಹಗ್ಗ ಎಷ್ಟು ಬಲ ಹಿಡಿದಿರುತ್ತೆ ಅಂತ ಆ ಕೈಗೆ ಗೊತ್ತಿತ್ತು.

ನೀರು ಹೊತ್ತ ಸೇತುವೆ, ರೈಲು ಹೊತ್ತ ಸೇತುವೆ

ಹಗ್ಗದಿಂದ ಸೇತುವೆಗೆ ಒಂದೇ ಹೆಜ್ಜೆ. 1845ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಅಲೆಘೆನಿ ನದಿ ಮೇಲೆ ಅವರ ಮೊದಲ ತೂಗುಸೇತುವೆ ಮುಗಿಯಿತು. ಅದು ಜನ ಓಡಾಡೋ ಸೇತುವೆಯಲ್ಲ, ಕಾಲುವೆಯನ್ನೇ ನದಿ ದಾಟಿಸೋ ಸೇತುವೆ. ದೊಡ್ಡ ಮರದ ತೊಟ್ಟಿ, ಅದರ ತುಂಬ ನೀರು, ನೀರಿನ ಮೇಲೆ ದೋಣಿ, ಎಲ್ಲವೂ ಕೇಬಲ್‌ನಿಂದ ತೂಗುತ್ತಿತ್ತು. ಕೇಳೋಕೆ ಭಯ ಆಗುತ್ತೆ. ಆದ್ರೆ ಲೆಕ್ಕದಲ್ಲಿ ಇದು ಸುಲಭದ ಸೇತುವೆ. ದೋಣಿ ಒಳಗೆ ಬಂದಾಗ ತನ್ನ ತೂಕದಷ್ಟೇ ನೀರನ್ನು ಆಚೆ ತಳ್ಳುತ್ತೆ. ಆರ್ಕಿಮಿಡೀಸ್ ತತ್ವ. ಹಾಗಾಗಿ ದೋಣಿ ಇದ್ದರೂ ಇಲ್ಲದಿದ್ದರೂ ಕೇಬಲ್ ಮೇಲಿನ ಭಾರ ಒಂದೇ. ಡೆಲವೇರ್ ನದಿ ಮೇಲೆ ಅವರು ಕಟ್ಟಿದ ಇಂಥದ್ದೇ ಇನ್ನೊಂದು ಕಾಲುವೆ ಸೇತುವೆ ಇವತ್ತಿಗೂ ನಿಂತಿದೆ. ಈಗ ಅದರ ಮೇಲೆ ಕಾರು ಓಡುತ್ತೆ.

ನಿಜವಾದ ಪರೀಕ್ಷೆ ಬಂದದ್ದು ನಯಾಗರಾದಲ್ಲಿ. ಜಲಪಾತದ ಕೆಳಗಿನ ಕಮರಿಯ ಮೇಲೆ ರೈಲು ಹೋಗಬೇಕು. ತೂಗುಸೇತುವೆ ರೈಲಿನ ಭಾರ, ಅದರ ನಡುಕ ತಡೆಯಲ್ಲ ಅನ್ನೋದು ಆಗಿನ ದೊಡ್ಡ ದೊಡ್ಡ ಎಂಜಿನಿಯರ್‌ಗಳ ಅಭಿಪ್ರಾಯ. ಈ ಕೆಲಸಕ್ಕೆ ಮೊದಲು ಇಳಿದಿದ್ದವರು ಚಾರ್ಲ್ಸ್ ಎಲೆಟ್, ಕಮರಿಯ ಆಚೆಗೆ ಮೊದಲ ದಾರ ದಾಟಿಸಲು ಹುಡುಗರಿಗೆ ಗಾಳಿಪಟದ ಸ್ಪರ್ಧೆ ಇಟ್ಟವರು. ಅವರು ಕೆಲಸ ಬಿಟ್ಟ ಮೇಲೆ ಅದು ರೋಬ್ಲಿಂಗ್ ಕೈಗೆ ಬಂತು.

ಇದೇ ಎಲೆಟ್ 1849ರಲ್ಲಿ ಓಹಾಯೋ ನದಿಯ ಮೇಲೆ, ವೀಲಿಂಗ್ ಊರಲ್ಲಿ, ಆಗ ಜಗತ್ತಿನಲ್ಲೇ ಅತಿ ಉದ್ದದ ತೂಗುಸೇತುವೆ ಕಟ್ಟಿದ್ದರು. 1854ರ ಮೇ 17ರಂದು ಗಾಳಿಗೆ ಅದು ಹೊಯ್ದಾಡಿ, ತಿರುಚಿಕೊಂಡು, ನದಿಗೆ ಬಿತ್ತು. ಆಗ ನಯಾಗರಾ ಕೆಲಸ ಇನ್ನೂ ನಡೀತಿತ್ತು. ರೋಬ್ಲಿಂಗ್ ಇದರಿಂದ ಕಲಿತದ್ದು ಒಂದು ಮುಖ್ಯ ಪಾಠ. ಕೇಬಲ್ ಗಟ್ಟಿ ಇದ್ದರಷ್ಟೇ ಸಾಲದು, ಸೇತುವೆ ಅಲುಗಾಡದ ಹಾಗೂ ಇರಬೇಕು. ಅದಕ್ಕಾಗಿ ಅವರ ಸೇತುವೆಗೆ ಆಳವಾದ ಟ್ರಸ್, ಮೇಲಿನಿಂದ ಓರೆಯಾಗಿ ಬರೋ ಸ್ಟೇ ಹಗ್ಗಗಳು, ಕೆಳಗಿನಿಂದ ಬಂಡೆಗೆ ಬಿಗಿದ ಹಗ್ಗಗಳು. ನಾಲ್ಕು ಕೇಬಲ್, ಒಂದೊಂದರಲ್ಲೂ 3,640 ತಂತಿ. 1855ರ ಮಾರ್ಚ್‌ನಲ್ಲಿ ಸುಮಾರು 250 ಮೀಟರ್ ಅಂತರದ ಆ ಸೇತುವೆ ಮೇಲೆ ರೈಲು ದಾಟಿತು. ಮೇಲೆ ರೈಲು, ಕೆಳಗಿನ ಅಂತಸ್ತಿನಲ್ಲಿ ಕುದುರೆಗಾಡಿ, ಜನ. 40 ವರ್ಷಕ್ಕೂ ಹೆಚ್ಚು ಕಾಲ ಅದು ಕೆಲಸ ಮಾಡಿತು.

ಇಲ್ಲೊಂದು ಸಣ್ಣ ವಿಷಯ. ಇಳಿಜಾರಿನ ಹಗ್ಗಕ್ಕೆ ತಂತಿಗಳನ್ನು ಹೊಸೆದ ರೋಬ್ಲಿಂಗ್, ಸೇತುವೆಯ ಕೇಬಲ್‌ನಲ್ಲಿ ಅವನ್ನು ಹೊಸೆಯಲಿಲ್ಲ. ಒಂದರ ಪಕ್ಕ ಒಂದು ನೇರವಾಗಿ ಹಾಸಿ, ಸುತ್ತಲೂ ಬೇರೆ ತಂತಿಯಿಂದ ಬಿಗಿಯಾಗಿ ಸುತ್ತಿದರು. ಯಾಕೆ? ರಾಟೆ ಮೇಲೆ ಬಾಗಬೇಕಾದ ಹಗ್ಗಕ್ಕೆ ಹೊಸೆತ ಬೇಕೇ ಬೇಕು. ಆದ್ರೆ ಹೊಸೆದಾಗ ಪ್ರತಿ ತಂತಿ ಎಳೆತದ ದಿಕ್ಕಿಗೆ ಓರೆಯಾಗುತ್ತೆ, ಅದರ ಬಲದಲ್ಲಿ ಸ್ವಲ್ಪ ಭಾಗ ವ್ಯರ್ಥ. ಒಂದೇ ಕಡೆ ನಿಂತಿರೋ ಸೇತುವೆಯ ಕೇಬಲ್‌ಗೆ ಆ ನಷ್ಟ ಯಾಕೆ? ಎಳೆ ಅದೇ ಆದರೂ ಕೆಲಸ ಬೇರೆಯಾದರೆ ಕಟ್ಟೋ ರೀತಿ ಬೇರೆ.

ಮನೆಯೊಳಗಿನ ರೋಬ್ಲಿಂಗ್

ಇಷ್ಟು ಓದಿದಾಗ ನಮಗೆ ಇವರ ಮೇಲೆ ಭಕ್ತಿಯೇ ಬಂದುಬಿಟ್ಟಿತ್ತು. ಮುಂದೆ ಓದಿದ ಮೇಲೆ ಸ್ವಲ್ಪ ಇಳಿಯಿತು.

ರೋಬ್ಲಿಂಗ್ ತುಂಬಾ ಕಟ್ಟುನಿಟ್ಟಿನ ಮನುಷ್ಯ. ಅವರ ಸಮಯಪಾಲನೆ ಬಗ್ಗೆ ಎಲ್ಲರೂ ಬರೆದಿದ್ದಾರೆ. ಆದ್ರೆ ಮನೆಯಲ್ಲಿ ಅದು ಕಟ್ಟುನಿಟ್ಟಿಗಿಂತ ಆಚೆ ಹೋಗಿತ್ತು. ಮಕ್ಕಳಿಗೆ ಹೊಡೆಯುತ್ತಿದ್ದರು, ಮನೆಮಂದಿಯೆಲ್ಲ ಹೆದರಿ ಬದುಕುತ್ತಿದ್ದರು. ಇದನ್ನು ಶತ್ರುಗಳು ಹೇಳಿದ್ದಲ್ಲ. ದೊಡ್ಡ ಮಗ ವಾಷಿಂಗ್ಟನ್ ಮುಂದೆ ತಂದೆಯ ಜೀವನಚರಿತ್ರೆ ಬರೆಯುವಾಗ ಅವರ ಕೆಲಸದ ಬಗ್ಗೆ ಹೆಮ್ಮೆಯನ್ನೂ, ತಾನು ತಿಂದ ಏಟನ್ನೂ ಎರಡನ್ನೂ ಬರೆದಿಟ್ಟರು.

ಇನ್ನೊಂದು, ಡಾಕ್ಟರ್‌ಗಳ ಮೇಲೆ ಅವರಿಗೆ ನಂಬಿಕೆಯೇ ಇರಲಿಲ್ಲ. ಎಲ್ಲ ಕಾಯಿಲೆಗೂ ನೀರೇ ಮದ್ದು. ತಣ್ಣೀರ ಸ್ನಾನ, ಒದ್ದೆ ಬಟ್ಟೆ ಸುತ್ತಿಕೊಳ್ಳೋದು. ನಯಾಗರಾದಲ್ಲಿ ಕಾಲರಾ ಬಂದು ಜನ ಸಾಯುತ್ತಿದ್ದಾಗ, ಮನಸ್ಸು ಗಟ್ಟಿ ಮಾಡಿಕೊಂಡರೆ ರೋಗ ಹತ್ತಿರ ಬರಲ್ಲ ಅಂತ ನಂಬಿ ನಿಂತರು. ಅವರಿಗೆ ಏನೂ ಆಗಲಿಲ್ಲ. ಏನೂ ಆಗದಿದ್ದದ್ದೇ ಆಮೇಲೆ ತೊಂದರೆ ಆಯ್ತೇನೋ ಅಂತ ನಮಗನ್ನಿಸುತ್ತೆ. ಒಂದು ಸಲ ತಡೆದ ಹಗ್ಗವನ್ನು ನೋಡಿ, ಇದು ಯಾವಾಗಲೂ ತಡೆಯುತ್ತೆ ಅಂದುಕೊಳ್ಳೋ ಹಾಗೆ.

ಬ್ರೂಕ್ಲಿನ್

1866ರ ಕೊನೆಗೆ ಸಿನ್ಸಿನಾಟಿಯಲ್ಲಿ ಓಹಾಯೋ ನದಿ ಮೇಲೆ ಅವರ ಇನ್ನೊಂದು ಸೇತುವೆ ಜನಕ್ಕೆ ತೆರೆಯಿತು. ಅಂತರ 1,057 ಅಡಿ. ನಡುವೆ ಹಣದ ಮುಗ್ಗಟ್ಟು, ಅಂತರ್ಯುದ್ಧ ಎಲ್ಲ ಬಂದು ಹತ್ತು ವರ್ಷ ಹಿಡಿಯಿತು. ಈಗ ಆ ಸೇತುವೆಗೆ ಅವರದೇ ಹೆಸರಿದೆ. ಯುದ್ಧದಿಂದ ಮರಳಿದ್ದ ಮಗ ವಾಷಿಂಗ್ಟನ್ ಅಲ್ಲಿ ಅಪ್ಪನ ಸಹಾಯಕ.

ಅದೇ ಚಳಿಗಾಲದಲ್ಲಿ ನ್ಯೂಯಾರ್ಕ್ ಮತ್ತು ಬ್ರೂಕ್ಲಿನ್ ನಡುವಿನ ಈಸ್ಟ್ ರಿವರ್ ಹೆಪ್ಪುಗಟ್ಟಿ ದೋಣಿ ಸಂಚಾರ ನಿಂತುಹೋಯಿತು. ಸೇತುವೆ ಬೇಕೇ ಬೇಕು ಅಂತ ಜನರಿಗೆ ಅನ್ನಿಸಿತು. 1867ರಲ್ಲಿ ರೋಬ್ಲಿಂಗ್ ಮುಖ್ಯ ಎಂಜಿನಿಯರ್ ಆದರು. ಅವರು ಬರೆದ ಯೋಜನೆಯಲ್ಲಿ ಎರಡು ಗೋಪುರಗಳ ನಡುವಿನ ಅಂತರ ಸುಮಾರು 1,595 ಅಡಿ, ಅಂದ್ರೆ 486 ಮೀಟರ್. ಅದುವರೆಗಿನ ಎಲ್ಲ ಸೇತುವೆಗಿಂತ ಉದ್ದ. ಕೇಬಲ್‌ಗೆ ಕಬ್ಬಿಣದ ಬದಲು ಉಕ್ಕಿನ ತಂತಿ. ಉಕ್ಕನ್ನು ಆಗ ದೊಡ್ಡ ಸೇತುವೆಗೆ ನಂಬೋದು ಹೊಸ ವಿಷಯ.

ಈ ಯೋಜನೆಯಲ್ಲೇ ನಮ್ಮ ಸರ್ ಕೇಳಿದ ಪ್ರಶ್ನೆಗೆ ಉತ್ತರ ಇದೆ. ಸೇತುವೆಗೆ ಬೇಕಾದ ಬಲ ಎಷ್ಟು ಅಂತ ಲೆಕ್ಕ ಹಾಕಿ, ಅದರ ಆರು ಪಟ್ಟು ಬಲದ ಕೇಬಲ್ ಹಾಕಬೇಕು ಅಂದರು ರೋಬ್ಲಿಂಗ್. ಅದೂ ಸಾಲದು ಅಂತ ಗೋಪುರದಿಂದ ಓರೆಯಾಗಿ ಇಳಿಯೋ ಸ್ಟೇ ಹಗ್ಗಗಳು ಬೇರೆ. ಮುಖ್ಯ ಕೇಬಲ್ ಹೋದರೂ ಸೇತುವೆ ಜೋತು ಬೀಳಬಹುದೇ ಹೊರತು ಕುಸಿಯದು ಅನ್ನೋದು ಅವರ ಲೆಕ್ಕ.

ಆರು ಪಟ್ಟು ಯಾಕೆ? ಲೆಕ್ಕ ಬರುತ್ತಿರಲಿಲ್ಲ ಅಂತ ಅಲ್ಲ. ಲೆಕ್ಕಕ್ಕೆ ಸಿಗದ ವಿಷಯ ಎಷ್ಟಿವೆ ಅಂತ ಗೊತ್ತಿತ್ತು ಅಂತ. ಗಾಳಿ ಎಷ್ಟು ಜೋರು ಬೀಸುತ್ತೆ, ಎಷ್ಟು ಜನ ಒಂದೇ ಸಲ ಬರ್ತಾರೆ, ತುಕ್ಕು ಎಷ್ಟು ತಿನ್ನುತ್ತೆ, ತಂತಿ ಎಳೆಯೋ ಕೆಲಸಗಾರ ಎಲ್ಲಿ ತಪ್ಪು ಮಾಡ್ತಾನೆ. ನಮ್ಮ ಪಠ್ಯದಲ್ಲಿ ಫ್ಯಾಕ್ಟರ್ ಆಫ್ ಸೇಫ್ಟಿ ಅಂತ ಒಂದು ಸಾಲಿನ ಸೂತ್ರ ಇದೆ. ನಾವು ಅದನ್ನು ಎರಡು ಮಾರ್ಕಿಗೆ ಬರೀತೀವಿ. ನಮಗೆ ಗೊತ್ತಿಲ್ಲದ್ದಕ್ಕೆ ನಾವು ಬಿಡೋ ಜಾಗ ಅದು ಅಂತ ಯಾವತ್ತೂ ಯೋಚನೆ ಮಾಡಿರಲಿಲ್ಲ.

ಕಾಲ್ಬೆರಳು

1869ರ ಜೂನ್‌ನಲ್ಲಿ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಜೂನ್ 28ರಂದು ರೋಬ್ಲಿಂಗ್ ಬ್ರೂಕ್ಲಿನ್ ಗೋಪುರದ ಜಾಗ ಗುರುತಿಸಲು ಫೆರಿ ಕಟ್ಟೆಯ ಮರದ ದಿಮ್ಮಿಗಳ ಮೇಲೆ ನಿಂತಿದ್ದರು. ಒಂದು ಫೆರಿ ಬಂದು ಕಟ್ಟೆಗೆ ಗುದ್ದಿತು. ದಿಮ್ಮಿಗಳ ನಡುವೆ ಸಿಕ್ಕಿ ಅವರ ಬಲಗಾಲಿನ ಬೆರಳುಗಳು ಜಜ್ಜಿಹೋದವು. ಬೆರಳು ಕತ್ತರಿಸಬೇಕಾಯಿತು. ಆಮೇಲೆ ಡಾಕ್ಟರ್ ಬೇಡ ಅಂದರು. ಗಾಯದ ಮೇಲೆ ನೀರು ಬೀಳ್ತಾ ಇರಬೇಕು, ಅಷ್ಟೇ ಚಿಕಿತ್ಸೆ. ಕೆಲವು ದಿನಗಳಲ್ಲಿ ಧನುರ್ವಾಯು ಹಿಡಿಯಿತು. ದವಡೆ ಕಚ್ಚಿಕೊಂಡಿತು. ಜುಲೈ 22ರಂದು ತೀರಿಕೊಂಡರು. 63 ವರ್ಷ.

ನ್ಯಾಯವಾಗಿ ಹೇಳಬೇಕಂದ್ರೆ, ಡಾಕ್ಟರ್ ಮಾತು ಕೇಳಿದ್ದರೂ ಉಳಿಯುತ್ತಿದ್ದರು ಅಂತ ಹೇಳೋಕಾಗಲ್ಲ. ಧನುರ್ವಾಯುವಿನ ರೋಗಾಣು ಯಾವುದು ಅಂತ ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ, ಲಸಿಕೆಯೂ ಇರಲಿಲ್ಲ. ಆದರೂ ನಮಗೆ ಇದು ಕಾಡಿತು. ಕೇಬಲ್ ವಿಷಯದಲ್ಲಿ ನನಗೆ ಎಲ್ಲ ಗೊತ್ತಿಲ್ಲ ಅಂತ ಆರು ಪಟ್ಟು ಜಾಗ ಬಿಟ್ಟ ಮನುಷ್ಯ, ತನ್ನ ಕಾಲಿನ ವಿಷಯದಲ್ಲಿ ನನಗೆ ಎಲ್ಲ ಗೊತ್ತು ಅಂದುಬಿಟ್ಟರು.

ಆರು ಐದಾದ ಕಥೆ

ಆಗ ವಾಷಿಂಗ್ಟನ್‌ಗೆ 32 ವರ್ಷ. ಅಪ್ಪನ ಕೆಲಸ ಮಗನ ಹೆಗಲಿಗೆ ಬಂತು. ನದಿಯ ತಳದಲ್ಲಿ ಗಾಳಿ ಒತ್ತಿ ತುಂಬಿದ ಪೆಟ್ಟಿಗೆಗಳೊಳಗೆ ಇಳಿದು ಅಡಿಪಾಯ ತೋಡಿಸುವಾಗ ಆ ಒತ್ತಡದ ಕಾಯಿಲೆ ಅವರಿಗೂ ಬಡಿದು, ಹಾಸಿಗೆ ಹಿಡಿದರು. ಅಲ್ಲಿಂದ ಮುಂದೆ ಹೆಂಡತಿ ಎಮಿಲಿ ರೋಬ್ಲಿಂಗ್ ಗಣಿತ, ಕೇಬಲ್ ಲೆಕ್ಕ, ಉಕ್ಕಿನ ಗುಣ ಎಲ್ಲ ಕಲಿತು, ಗಂಡನ ಸೂಚನೆಗಳನ್ನು ಕೆಲಸದ ಜಾಗಕ್ಕೆ ಮುಟ್ಟಿಸುತ್ತಾ, ವರ್ಷಗಟ್ಟಲೆ ಆ ಸೇತುವೆಯನ್ನು ಮುಂದೆ ನಡೆಸಿದರು.

ಈಗ ಬರುತ್ತೆ ಮುಖ್ಯ ಭಾಗ. ಕೇಬಲ್ ತಂತಿ ಪೂರೈಸುವ ಗುತ್ತಿಗೆ ರೋಬ್ಲಿಂಗ್ ಕಾರ್ಖಾನೆಗೆ ಸಿಗಲಿಲ್ಲ. ಜೆ. ಲಾಯ್ಡ್ ಹೇಗ್ ಎಂಬ ಬ್ರೂಕ್ಲಿನ್ ವ್ಯಾಪಾರಿಗೆ ಹೋಯಿತು. ಪ್ರತಿ ತಂತಿ 3,400 ಪೌಂಡ್, ಅಂದ್ರೆ ಸುಮಾರು 1,540 ಕೆಜಿ ಎಳೆತ ತಡೆಯಬೇಕು ಅನ್ನೋದು ಷರತ್ತು. ಇನ್ಸ್‌ಪೆಕ್ಟರ್‌ಗಳು ಹೇಗ್‌ನ ಕಾರ್ಖಾನೆಯಲ್ಲೇ ಪರೀಕ್ಷೆ ಮಾಡಿ ಪಾಸ್ ಮಾಡುತ್ತಿದ್ದರು. 1878ರಲ್ಲಿ ಮೋಸ ಬಯಲಾಯಿತು. ಪಾಸಾದ ತಂತಿ ಹೊತ್ತ ಗಾಡಿ ದಾರಿಯಲ್ಲಿ ಇನ್ನೊಂದು ಕಟ್ಟಡಕ್ಕೆ ತಿರುಗುತ್ತಿತ್ತು. ಅಲ್ಲಿ ಒಳ್ಳೆ ತಂತಿ ಇಳಿಸಿ, ಫೇಲಾದ ತಂತಿ ಹೇರಿ ಸೇತುವೆಗೆ ಕಳಿಸುತ್ತಿದ್ದರು. ಆ ಒಳ್ಳೆ ತಂತಿ ವಾಪಸ್ ಹೋಗಿ ಮತ್ತೆ ಪರೀಕ್ಷೆಗೆ ಕೂರುತ್ತಿತ್ತು. ಒಬ್ಬನೇ ಹುಡುಗ ಎಲ್ಲರ ಪ್ರಾಕ್ಸಿ ಅಟೆಂಡೆನ್ಸ್ ಕೊಟ್ಟ ಹಾಗೆ.

ಗೊತ್ತಾಗೋ ಹೊತ್ತಿಗೆ 200 ಟನ್‌ಗಿಂತ ಹೆಚ್ಚು ಕೆಟ್ಟ ತಂತಿ ಕೇಬಲ್ ಒಳಗೆ ಸೇರಿಹೋಗಿತ್ತು. ಒಳ್ಳೆಯದರ ಜೊತೆ ಬೆರೆತು ಗೋಪುರದ ಮೇಲೆ ತೂಗುತ್ತಿತ್ತು. ತೆಗೆಯೋಕೆ ದಾರಿಯೇ ಇಲ್ಲ. ಹಾಸಿಗೆಯಲ್ಲಿದ್ದ ವಾಷಿಂಗ್ಟನ್ ಲೆಕ್ಕ ಹಾಕಿದರು. ಅಪ್ಪ ಬಿಟ್ಟಿದ್ದ ಆರು ಪಟ್ಟು ಈಗ ಐದರ ಹತ್ತಿರಕ್ಕೆ ಇಳಿದಿತ್ತು. ಐದು ಸಾಕು, ಸೇತುವೆ ನಿಲ್ಲುತ್ತೆ ಅಂತ ತೀರ್ಮಾನಿಸಿದರು. ಜೊತೆಗೆ ಪ್ರತಿ ಕೇಬಲ್‌ಗೂ ಸುಮಾರು 150 ಒಳ್ಳೆ ತಂತಿ ಹೆಚ್ಚಿಗೆ ಸೇರಿಸಿ, ಅದರ ಖರ್ಚನ್ನು ಹೇಗ್‌ನ ತಲೆಗೇ ಕಟ್ಟಿದರು. ಹೇಗ್ ಮುಂದೆ ಬೇರೆಯೇ ಫೋರ್ಜರಿ ಕೇಸಿನಲ್ಲಿ ಜೈಲಿಗೆ ಹೋದ.

1883ರ ಮೇ 24ರಂದು ಸೇತುವೆ ತೆರೆಯಿತು. ಒಂದು ವಾರಕ್ಕೇ ಮೆಟ್ಟಿಲ ಹತ್ತಿರ ನೂಕುನುಗ್ಗಲಾಗಿ, ಸೇತುವೆ ಬೀಳ್ತಿದೆ ಅನ್ನೋ ಗಾಬರಿ ಹಬ್ಬಿ, 12 ಜನ ತುಳಿತಕ್ಕೆ ಸಿಕ್ಕಿ ಸತ್ತರು. ಸೇತುವೆಗೆ ಏನೂ ಆಗಿರಲಿಲ್ಲ. ಮರುವರ್ಷ ಸರ್ಕಸ್ಸಿನ ಬಾರ್ನಮ್ 21 ಆನೆಗಳನ್ನು ಅದರ ಮೇಲೆ ನಡೆಸಿದರು. ಆ ಕೆಟ್ಟ ತಂತಿ ಇವತ್ತಿಗೂ ಕೇಬಲ್ ಒಳಗೇ ಇದೆ. ಅದರ ಕೆಳಗೆ ದಿನಾ ಕಾರುಗಳು ಓಡ್ತಾ ಇವೆ.

ಯೋಚನೆ ಮಾಡಿ ನೋಡಿ. ಜಾನ್ ರೋಬ್ಲಿಂಗ್‌ಗೆ ಹೇಗ್ ಅನ್ನೋ ಒಬ್ಬ ಬರ್ತಾನೆ ಅಂತ ಗೊತ್ತಿರಲಿಲ್ಲ. ಆದ್ರೆ ಸತ್ತು ಒಂಬತ್ತು ವರ್ಷ ಆದ ಮೇಲೂ ಅವನಿಗಾಗಿ ಅವರು ಬಿಟ್ಟ ಜಾಗ ಅಲ್ಲಿತ್ತು.

ನಮ್ಮ ಹಗ್ಗಕ್ಕೆ ವಾಪಸ್

ತಂತಿ ಹಗ್ಗ ಈಗ ಲಿಫ್ಟ್‌ನಲ್ಲಿದೆ, ಕ್ರೇನ್‌ನಲ್ಲಿದೆ, ಸುಳ್ಯದ ಗಿರೀಶ್ ಭಾರದ್ವಾಜ್ ಅವರು ಹಳ್ಳಿಗಳಿಗೆ ಕಟ್ಟಿಕೊಟ್ಟ ತೂಗುಸೇತುವೆಗಳಲ್ಲಿದೆ. ನಾವು ತಂದಿದ್ದು ಪಾಲಿಯೆಸ್ಟರ್. 1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದ ನೂಲು. ರೋಬ್ಲಿಂಗ್ ನೋಡಿದ್ದರೆ ಖುಷಿಪಡ್ತಿದ್ದರು. ಹೆಂಪ್ ಹಾಗೆ ಕೊಳೆಯಲ್ಲ, ನೆನೆದರೆ ಬಲ ಕಳಕೊಳ್ಳಲ್ಲ, ನೈಲಾನ್ ಹಾಗೆ ರಬ್ಬರಿನಂತೆ ಹಿಗ್ಗಲ್ಲ. ಹೊಸೆದ ಹಗ್ಗ ಭಾರ ಬಿದ್ದಾಗ ಬಿಚ್ಚಿಕೊಳ್ಳೋಕೆ ನೋಡುತ್ತೆ, ತೂಗುಹಾಕಿದ ವಸ್ತು ಗಿರಗಿರ ತಿರುಗುತ್ತೆ. ಜಡೆ ಥರ ಹೆಣೆದ ಹಗ್ಗದಲ್ಲಿ ಅರ್ಧ ಎಳೆಗಳು ಬಲಕ್ಕೆ, ಅರ್ಧ ಎಡಕ್ಕೆ ಸುತ್ತೋದ್ರಿಂದ ಅದು ತಿರುಗಲ್ಲ.

ಹಾಗಾದ್ರೆ ನಮ್ಮದು ಯಾಕೆ ಹರಿಯಿತು? ಕೂತು ಲೆಕ್ಕ ಹಾಕಿದ್ವಿ.

ಒಳ್ಳೆ ಗುಣಮಟ್ಟದ 10 ಎಂಎಂ ಹೆಣೆದ ಪಾಲಿಯೆಸ್ಟರ್ ಹಗ್ಗ ಹರಿಯೋದು ಸುಮಾರು 2,000 ಕೆಜಿ ಎಳೆತಕ್ಕೆ. ಅದು ಹೊಸ ಹಗ್ಗಕ್ಕೆ, ಗಂಟಿಲ್ಲದೆ, ನೇರ ಎಳೆದಾಗ. ಗಂಟು ಹಾಕಿದರೆ ಆ ಜಾಗದಲ್ಲಿ ಎಳೆಗಳು ಗಟ್ಟಿಯಾಗಿ ಬಾಗಿ, ಹೊರಗಿನವು ಮಾತ್ರ ಭಾರ ಹೊರುತ್ತವೆ. ಅರ್ಧದಷ್ಟು ಬಲ ಅಲ್ಲೇ ಹೋಯ್ತು ಅಂತ ಲೆಕ್ಕ. ಉಳಿದದ್ದು 1,000. ಸೇಫ್ ವರ್ಕಿಂಗ್ ಲೋಡ್‌ಗೆ ಸಾಮಾನ್ಯವಾಗಿ ಐದರಿಂದ ಹನ್ನೆರಡರವರೆಗಿನ ಸಂಖ್ಯೆಯಿಂದ ಭಾಗಿಸ್ತಾರೆ. ನಮ್ಮ ಹಗ್ಗಕ್ಕೆ ಸರ್ಟಿಫಿಕೇಟ್ ಇಲ್ಲ, ಕೆಳಗೆ ಜನ ಓಡಾಡ್ತಾರೆ, ಹಾಗಾಗಿ ಹತ್ತು. ಅಂದ್ರೆ 100 ಕೆಜಿ.

ಫ್ಲೆಕ್ಸ್ ತೂಕ 30 ಕೆಜಿ ತಾನೇ? ಇಲ್ಲೇ ನಾವು ಎಡವಿದ್ದು. ಬಿಗಿಯಾಗಿ ಎಳೆದ ಹಗ್ಗ ಮಲಗಿದ ಗೆರೆಗೆ ಐದು ಡಿಗ್ರಿ ಮಾತ್ರ ಓರೆ ಇದ್ದರೆ, ಅದರ ಎಳೆತ ತೂಗುವ ಭಾರದ ಆರು ಪಟ್ಟಿನ ಹತ್ತಿರ. 30 ಕೆಜಿ ಅಲ್ಲ, 170 ಕೆಜಿ. ಇದು ಗಾಳಿ ಇಲ್ಲದಾಗ. ಮೇಲಿಂದ ಕಟ್ಟೆಯ ಚೂಪು ಅಂಚು ರಾತ್ರಿಯಿಡೀ ಗರಗಸದ ಹಾಗೆ ಉಜ್ಜಿದೆ. ಹಗ್ಗ ಹರಿದದ್ದೂ ಸರಿಯಾಗಿ ಅಲ್ಲೇ. ತೂಗುಸೇತುವೆಯ ಕೇಬಲ್ ಯಾಕೆ ಅಷ್ಟು ಜೋತು ಬಿದ್ದಿರುತ್ತೆ ಅಂತ ನಮಗೆ ಆಗ ಅರ್ಥ ಆಯ್ತು. ಅದು ಬರೀ ಚಂದಕ್ಕಲ್ಲ.

ಈ ವರ್ಷದ ಫೆಸ್ಟ್‌ಗೆ ಮತ್ತೆ ಅದೇ ಜಾಗದಲ್ಲಿ ಫ್ಲೆಕ್ಸ್ ಕಟ್ಟಿದ್ದೀವಿ. ಹೊಸ ಹಗ್ಗ. ಕಟ್ಟೆ ಅಂಚಿಗೆ ಹಳೇ ರಬ್ಬರ್ ಪೈಪ್ ಸೀಳಿ ಹೊದಿಸಿದ್ದೀವಿ. ಹದಿನೈದು ಡಿಗ್ರಿ ಓರೆ ಬರೋ ಹಾಗೆ ಸಡಿಲ ಬಿಟ್ಟಿದ್ದೀವಿ, ಎಳೆತ 60 ಕೆಜಿ ದಾಟಲ್ಲ. ಗಾಳಿ ಹಾಯಲಿ ಅಂತ ಫ್ಲೆಕ್ಸ್‌ನಲ್ಲಿ ಅಲ್ಲಲ್ಲಿ ಕಿಂಡಿ ಕೊಯ್ದಿದ್ದೀವಿ. ದಿನಾ ಸಂಜೆ ಒಬ್ಬರು ಟೆರೇಸಿಗೆ ಹೋಗಿ ಹಗ್ಗ ಮುಟ್ಟಿ ನೋಡಿ ಬರ್ತಾರೆ. ಹಗ್ಗಕ್ಕೊಂದು ಚೀಟಿ ಕಟ್ಟಿದ್ದೀವಿ: ಕೊಂಡ ದಿನಾಂಕ, ದಪ್ಪ, ಸೇಫ್ ಲೋಡ್ 100 ಕೆಜಿ.

ಫ್ಲೆಕ್ಸ್ ಸ್ವಲ್ಪ ಜೋತು ಬಿದ್ದಿದೆ. ಸರಿಯಾಗಿ ಕಟ್ಟೋಕೂ ಬರಲ್ವಾ ಅಂತ ಜೂನಿಯರ್‌ಗಳು ನಗ್ತಿದ್ದಾರೆ. ನಗಲಿ. ಅದರ ಕೆಳಗೇ ಕ್ಯಾಂಟೀನಿಗೆ ಹೋಗ್ತಿದ್ದಾರಲ್ಲ.